ಸಾವಿರ ಪ್ರತಿ

ಕನ್ನಡದ ಯಾವ ಪ್ರಕಾಶಕರನ್ನಾದ್ರೂ ಕೇಳಿ ನೋಡಿ, ಹೊಸ ಪುಸ್ತಕ ಎಷ್ಟು ಪ್ರತಿ ಹಾಕಿಸ್ತೀರಿ ಅಂತ. ‘ಸಾವಿರ’ ಅಂತಾರೆ. ಧೈರ್ಯ ಸ್ವಲ್ಪ ಕಮ್ಮಿ ಇದ್ದವರು ‘ಐನೂರು’ ಅಂತಾರೆ. ಆ ಸಾವಿರ ಖಾಲಿ ಆಗೋಕೆ ಎಷ್ಟು ವರ್ಷ ಬೇಕು ಅಂತ ಮಾತ್ರ ಕೇಳಬೇಡಿ, ಅವರ ಮುಖ ಸಣ್ಣದಾಗುತ್ತೆ. ಕೋಟಿಗಟ್ಟಲೆ ಜನ ಆಡುವ ಭಾಷೆ, ಪುಸ್ತಕ ಸಾವಿರ. ಇದನ್ನು ಕೇಳಿದಾಗೆಲ್ಲ ನಮ್ಮಂಥವರು ‘ಕನ್ನಡದ ಕಥೆ ಮುಗೀತು’ ಅಂತ ಒಂದು ನಿಟ್ಟುಸಿರು ಬಿಟ್ಟು ಮೊಬೈಲಿಗೆ ವಾಪಸ್ ಹೋಗುತ್ತೇವೆ.

ಈಗ ಇನ್ನೊಂದು ಸಾವಿರದ ಲೆಕ್ಕ ಹೇಳುತ್ತೇನೆ. ಗದಗಿನಿಂದ ಹೊಸಪೇಟೆ ರಸ್ತೆ ಹಿಡಿದು ಹನ್ನೆರಡು ಕಿಲೋಮೀಟರ್ ಹೋದರೆ ಲಕ್ಕುಂಡಿ. ಹಳೆಯ ಹೆಸರು ಲೊಕ್ಕಿಗುಂಡಿ. ಅಲ್ಲಿನ ಬ್ರಹ್ಮ ಜಿನಾಲಯ ಕಟ್ಟಿಸಿದವಳು ಅತ್ತಿಮಬ್ಬೆ. ಶಾಸನದ ಕಾಲ 1007. ಆಕೆ ಪೊನ್ನ ಕವಿಯ ‘ಶಾಂತಿಪುರಾಣ’ದ ಒಂದು ಸಾವಿರ ಪ್ರತಿ ಮಾಡಿಸಿ ಹಂಚಿದಳು ಅನ್ನೋದು ನಮ್ಮ ಸಾಹಿತ್ಯ ಚರಿತ್ರೆಯ ಪ್ರಸಿದ್ಧ ಸಂಗತಿ. ಶಾಲೆಯಲ್ಲಿ ನಾವೆಲ್ಲ ಒಂದು ಮಾರ್ಕಿನ ಪ್ರಶ್ನೆಗೆ ಇದನ್ನು ಬರೆದವರೇ. ‘ದಾನಚಿಂತಾಮಣಿ ಯಾರು?’ ಉತ್ತರ ಬರೆದು ಮುಂದಿನ ಪ್ರಶ್ನೆಗೆ ಹೋದೆವು. ಆ ಸಾವಿರ ಅಂದರೆ ಎಷ್ಟು ಅಂತ ಯಾರೂ ಕೂತು ಲೆಕ್ಕ ಹಾಕಲಿಲ್ಲ.

ನಾನು ಹಾಕಿದೆ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯುವವನು, ಇಂಥ ಲೆಕ್ಕದ ಚಟ ಇದೆ. ಶಾಂತಿಪುರಾಣ ಹನ್ನೆರಡು ಆಶ್ವಾಸಗಳ ಚಂಪೂ ಕಾವ್ಯ. ತಾಳೆಗರಿ ತಂದು, ಬೇಯಿಸಿ, ಒಣಗಿಸಿ, ಉಜ್ಜಿ ನಯ ಮಾಡಿ, ಅಳತೆಗೆ ಕತ್ತರಿಸಿ, ದಾರಕ್ಕೆ ತೂತು ಹಾಕಬೇಕು. ಆಮೇಲೆ ಲಿಪಿಕಾರ ಕಬ್ಬಿಣದ ಕಂಠದಿಂದ ಒಂದೊಂದೇ ಅಕ್ಷರ ಕೊರೆಯಬೇಕು. ಕೊರೆದ ಮೇಲೆ ಮಸಿ ಸವರಿದರೇನೇ ಅಕ್ಷರ ಕಾಣೋದು. ಒಬ್ಬ ಲಿಪಿಕಾರ ಒಂದು ಪ್ರತಿಗೆ ಒಂದು ತಿಂಗಳು ತಗೊಂಡ ಅಂತ ಸುಮ್ಮನೆ ಇಟ್ಟುಕೊಳ್ಳಿ. ಸಾವಿರ ಪ್ರತಿಗೆ ಸಾವಿರ ತಿಂಗಳು, ಅಂದರೆ ಎಂಬತ್ಮೂರು ವರ್ಷ. ಎರಡು ವರ್ಷದಲ್ಲಿ ಮುಗಿಸಬೇಕಂದ್ರೆ ನಲವತ್ತಕ್ಕೂ ಹೆಚ್ಚು ಜನ ಬೇಕು. ಅವರ ಊಟ, ವಸತಿ, ಸಂಬಳ, ಗರಿಯ ಖರ್ಚು, ತಪ್ಪು ತಿದ್ದುವವರು, ಹಂಚುವವರು ಎಲ್ಲ ಸೇರಿಸಿ. ಇವತ್ತಿನ ಭಾಷೆಯಲ್ಲಿ ಇದೊಂದು ದೊಡ್ಡ ಪ್ರಾಜೆಕ್ಟು. ಲಾಭ ಸೊನ್ನೆ.

ಯಾಕೆ ಮಾಡಿದಳು? ಜೈನರಲ್ಲಿ ನಾಲ್ಕು ಥರದ ದಾನ ಹೇಳುತ್ತಾರೆ: ಆಹಾರ, ಅಭಯ, ಔಷಧ, ಶಾಸ್ತ್ರ. ಹಸಿದವನಿಗೆ ಅನ್ನ ಕೊಟ್ಟಷ್ಟೇ ಪುಣ್ಯ ಪುಸ್ತಕ ಕೊಟ್ಟರೂ ಬರುತ್ತದೆ ಅನ್ನುವ ಲೆಕ್ಕ ಅದು. ಮನೆಯ ಕಾರಣವೂ ಇತ್ತು. ಪೊನ್ನನಿಂದ ಆ ಕಾವ್ಯ ಬರೆಸಿದವರು ಆಕೆಯ ತಂದೆ ಮಲ್ಲಪ ಮತ್ತು ಚಿಕ್ಕಪ್ಪ ಪುನ್ನಮಯ್ಯ. ಅತ್ತಿಮಬ್ಬೆಯ ಗಂಡ ನಾಗದೇವ ಚಾಲುಕ್ಯರ ದಂಡನಾಯಕ. ಅವನು ತೀರಿಕೊಂಡಾಗ, ಅವನನ್ನೇ ಮದುವೆಯಾಗಿದ್ದ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗನನ್ನು ಸಾಕುತ್ತ ಉಳಿದಳು. ಉಳಿದವಳು ಬಸದಿ ಕಟ್ಟಿಸಿದಳು, ಪುಸ್ತಕ ಮಾಡಿಸಿದಳು, ರನ್ನನಿಗೆ ಆಶ್ರಯ ಕೊಟ್ಟಳು. ರನ್ನನ ‘ಅಜಿತಪುರಾಣ’ 993ರದ್ದು, ಆಕೆಯ ಪ್ರೋತ್ಸಾಹದಿಂದಲೇ ಹುಟ್ಟಿದ್ದು.

ನನಗೆ ಮುಖ್ಯ ಅನಿಸಿದ್ದು ಇದರ ಮುಂದಿನ ಭಾಗ. ಪೊನ್ನ ‘ಭುವನೈಕ ರಾಮಾಭ್ಯುದಯ’ ಅಂತ ಇನ್ನೊಂದು ಕಾವ್ಯ ಬರೆದಿದ್ದ. ಅದು ಇವತ್ತು ಇಲ್ಲ. ರನ್ನನ ‘ಪರಶುರಾಮ ಚರಿತ’, ‘ಚಕ್ರೇಶ್ವರ ಚರಿತ’ ಇವೂ ಇಲ್ಲ. ಹೆಸರಷ್ಟೇ ಗೊತ್ತು. ಸಾವಿರ ಪ್ರತಿಯಾದ ಶಾಂತಿಪುರಾಣ ಇದೆ. ಅತ್ತಿಮಬ್ಬೆ ಹಂಚಿದ್ದಕ್ಕೇ ಅದು ಉಳಿಯಿತು ಅಂತ ಸಾಬೀತು ಮಾಡೋಕೆ ಆಗಲ್ಲ. ಆದರೆ ಗೆದ್ದಲು, ಮಳೆ, ಬೆಂಕಿ, ದಂಡಯಾತ್ರೆ ಎಲ್ಲ ದಾಟಿ ಒಂದು ಪುಸ್ತಕ ಸಾವಿರ ವರ್ಷ ಬರಬೇಕಾದರೆ, ಅದು ಒಂದೇ ಕಡೆ ಇದ್ದರೆ ಸಾಧ್ಯವಿಲ್ಲ. ಡೇಟಾ ಒಂದೇ ಸರ್ವರ್‌ನಲ್ಲಿ ಇಟ್ಟವನ ಪಾಡು ಏನಾಗುತ್ತೆ ಅಂತ ನಮ್ಮ ಕೆಲಸದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಲಕ್ಕುಂಡಿಯೊಂದೇ ಅಲ್ಲ, ಈ ಸುತ್ತಮುತ್ತಲ ನೆಲಕ್ಕೇ ಅಕ್ಷರದ ನಂಟು ಹಳೆಯದು. ಗದಗಿನಿಂದ ನಲವತ್ತು ಕಿಲೋಮೀಟರ್ ದೂರದ ಲಕ್ಷ್ಮೇಶ್ವರ ಆಗಿನ ಪುಲಿಗೆರೆ. ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಈ ನಾಲ್ಕು ಊರುಗಳ ನಡುವಿನದನ್ನು ಕನ್ನಡದ ತಿರುಳು ಅನ್ನುತ್ತದೆ. ಪಂಪನೂ ತನ್ನ ಭಾರತಕ್ಕೆ ಪುಲಿಗೆರೆಯ ಕನ್ನಡವನ್ನೇ ಆರಿಸಿಕೊಂಡೆ ಅಂದಿದ್ದಾನೆ. ಓದು ಬರಹ ಕಲಿಯದವರಿಗೂ ಇಲ್ಲಿ ಕಾವ್ಯ ಗೊತ್ತು ಅಂತ ಕವಿರಾಜಮಾರ್ಗ ಹೆಮ್ಮೆಪಡುತ್ತದಲ್ಲ, ಆ ಮಾತಿನ ಅರ್ಥ ನನಗೆ ತಿಳಿದದ್ದು ನಮ್ಮೂರ ಗುಡಿಯ ಕಟ್ಟೆಯ ಮೇಲೆ.

ಮುಂಡರಗಿ ತಾಲೂಕಿನ ನಮ್ಮ ಊರಲ್ಲಿ ಶ್ರಾವಣಕ್ಕೆ ಪುರಾಣ ಹಚ್ಚುತ್ತಿದ್ದರು. ಒಬ್ಬರು ಓದೋರು, ಒಬ್ಬರು ಅರ್ಥ ಹೇಳೋರು, ಉಳಿದ ಊರೆಲ್ಲ ಕೇಳೋರು. ಪುಸ್ತಕ ಒಂದೇ. ಅಕ್ಷರ ಬಲ್ಲವರು ಬೆರಳೆಣಿಕೆ. ಆದರೂ ನಮ್ಮ ಅಮ್ಮನಿಗೆ, ಅಂದರೆ ಅಪ್ಪನ ಅವ್ವನಿಗೆ, ಯಾವ ಪರ್ವದಲ್ಲಿ ಏನಾಯ್ತು ಅನ್ನೋದು ಬಾಯಿಪಾಠ. ಆಕೆಗೆ ಸಹಿ ಮಾಡೋಕೆ ಬರ್ತಿರಲಿಲ್ಲ, ಹೆಬ್ಬೆಟ್ಟು. ಗದಗಿನ ವೀರನಾರಾಯಣನ ಗುಡಿಯ ಕಂಬಕ್ಕೊರಗಿ ಕುಮಾರವ್ಯಾಸ ಭಾರತ ಬರೆದ ಅಂತ ಜನ ಇವತ್ತಿಗೂ ಆ ಕಂಬ ತೋರಿಸುತ್ತಾರೆ. ಅವನ ಕಾವ್ಯ ಇಷ್ಟು ಹಬ್ಬಿದ್ದು ಇಂಥ ಕಟ್ಟೆಗಳಿಂದ. ಓದುವ ಒಂದು ಗಂಟಲು ನೂರು ಕಿವಿಗೆ ಪುಸ್ತಕ.

ಅಚ್ಚಿನ ಕಾಲ ಬಂದಾಗ ಈ ಭಾಗದ ಸ್ಥಿತಿ ವಿಚಿತ್ರವಾಗಿತ್ತು. ಗದಗು ಮುಂಬೈ ಪ್ರಾಂತಕ್ಕೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿದ್ದವು. ತುಂಗಭದ್ರೆಯ ಆಚೆ ಮದ್ರಾಸು, ಕೊಪ್ಪಳದ ಕಡೆ ನಿಜಾಮ. ‘ತಿರುಳ್ಗನ್ನಡ’ದ ನಾಡಿನಲ್ಲೇ ದಫ್ತರದಲ್ಲಿ ಮರಾಠಿಯ ದರ್ಬಾರು. 1890ರಲ್ಲಿ ರಾ. ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದ್ದು ಇದೇ ಕಾರಣಕ್ಕೆ. ಕನ್ನಡದಲ್ಲಿ ಪುಸ್ತಕ ಬರಬೇಕು, ಬರೆದವರಿಗೆ ಆಸರೆ ಸಿಗಬೇಕು, ಓದೋರು ಹುಟ್ಟಬೇಕು. ಆ ಗಾಳಿ ಗದಗಿಗೂ ಬೀಸಿತು. ವಕೀಲಿ ಮಾಡುತ್ತ, ಶಾಲೆಯ ಕೆಲಸ ಮಾಡುತ್ತ, ನಾಟಕ ಬರೆಯುತ್ತಿದ್ದ ಗದಗಿನ ಹುಯಿಲಗೋಳ ನಾರಾಯಣರಾಯರ ಹಾಡನ್ನೇ 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹಾಡಿದ್ದು.

ಆದರೆ ಹಳ್ಳಿಗೆ ಅಕ್ಷರ ತಂದದ್ದು ಇಂಥ ದೊಡ್ಡ ಸಂಘಗಳು ಮಾತ್ರ ಅಂತ ನಾನು ಒಪ್ಪಲ್ಲ. ಗದಗಿನ ನಾಟಕದ ಪುಸ್ತಕಗಳಿಗೂ ಅದರಲ್ಲಿ ಪಾಲಿದೆ. ಗದಗು ನಾಟಕದ ಊರು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯ ಊರು. ಪಿ. ಸಿ. ಶಾಬಾದಿಮಠ, ಬಿ. ಜಿ. ಸಂಕೇಶ್ವರರಂಥ ಪ್ರಕಾಶಕರ ಊರು. ಪುರಾಣ, ಪಂಚಾಂಗ, ನಾಟಕ, ನಿಘಂಟು, ಶಾಲೆಯ ಪುಸ್ತಕ, ಎಲ್ಲದಕ್ಕೂ ನಮ್ಮ ಕಡೆಯವರು ಗದಗಿನ ದಾರಿ ಹಿಡಿಯೋದು. ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದವರು, ಆದರೆ ತಾವೇ ನಾಟಕ ಬರೆದು, ನಾಟ್ಯಸಂಘ ಕಟ್ಟಿ ಊರೂರು ತಿರುಗಿಸಿ, ಬಂದ ದುಡ್ಡಿನಲ್ಲಿ ಅಂಧ ಮಕ್ಕಳಿಗೆ ಊಟ, ಸಂಗೀತ, ವಿದ್ಯೆ ಕೊಟ್ಟರು. ಬ್ರೈಲ್ ಲಿಪಿಯಲ್ಲಿ ಭಗವದ್ಗೀತೆಯನ್ನೂ ಬರೆದರು. ಟಿಕೆಟ್ ತಗೊಂಡು ನಾಟಕ ನೋಡಿದ ರೈತ ತನಗೇ ಗೊತ್ತಿಲ್ಲದಂತೆ ಒಂದು ಶಾಲೆ ನಡೆಸಿದ್ದ.

ನಮ್ಮ ಕಾಕಾ ಓದು ಕಲಿತದ್ದು ನಾಟಕದ ಬುಕ್ಕಿನಿಂದ. ಜಾತ್ರೆಯ ನಾಟಕದಲ್ಲಿ ಅವನಿಗೆ ಖಳನಾಯಕನ ಪಾತ್ರ. ಶಾಲೆ ಬಿಟ್ಟು ದನ ಕಾಯ್ದವನು. ಹಾರ್ಮೋನಿಯಂ ಮಾಸ್ತರರು ಮಾತು ಹೇಳಿಕೊಟ್ಟರು, ಇವನು ಬಾಯಿಪಾಠ ಮಾಡಿದ. ಎರಡು ತಿಂಗಳು ದಿನಾ ರಾತ್ರಿ ಕಂದೀಲಿನ ಬೆಳಕಿನಲ್ಲಿ ಅದೇ ಬುಕ್ಕು ಮುಂದಿಟ್ಟುಕೊಂಡು ಕೂತ. ಬಾಯಿಗೆ ಬರುವ ಮಾತನ್ನು ಕಣ್ಣಿಗೆ ಕಾಣುವ ಅಕ್ಷರದ ಜೊತೆ ಹೊಂದಿಸುತ್ತಾ ಹೋದ. ಜಾತ್ರೆ ಮುಗಿಯುವ ಹೊತ್ತಿಗೆ ಬಸ್ಸಿನ ಬೋರ್ಡು ಓದುತ್ತಿದ್ದ. ‘ಸಾಲಿಗೆ ಹೋಗಿದ್ರ ಮೂರು ವರ್ಷ ಬೇಕಾಗ್ತಿತ್ತು, ನಂದು ಎರಡು ತಿಂಗಳಿನ ಕೋರ್ಸು ನೋಡಪಾ’ ಅಂತ ಈಗಲೂ ನಗುತ್ತಾನೆ.

ಪೇಟೆಯ ಪುಸ್ತಕಕ್ಕೆ ಒಂದು ಮಿತಿ ಇದೆ. ನಾಟಕ ಮಾರಾಟವಾಗುತ್ತೆ, ಪಂಚಾಂಗ ಮಾರಾಟವಾಗುತ್ತೆ. ಶಾಸನದ ಅಧ್ಯಯನ, ಹಸ್ತಪ್ರತಿಯ ಸಂಪಾದನೆ, ಜನ ಮರೆತ ಒಬ್ಬ ವಿದ್ವಾಂಸನ ಜೀವನ ಚರಿತ್ರೆ, ಇವನ್ನು ಯಾವ ಅಂಗಡಿಯವನು ಹಾಕಿಸುತ್ತಾನೆ? ಅವನದು ತಪ್ಪಲ್ಲ, ಅವನೂ ಸಂಸಾರ ನಡೆಸಬೇಕು. ವಿಜಯಪುರದಲ್ಲಿ ಫ. ಗು. ಹಳಕಟ್ಟಿಯವರು ವಚನಗಳ ತಾಳೆಗರಿ ಹುಡುಕಿ, ಅಚ್ಚು ಹಾಕಿಸಲು ಇದ್ದ ಮನೆಯನ್ನೇ ಮಾರಿ, 1926ರಲ್ಲಿ ‘ಶಿವಾನುಭವ’ ಪತ್ರಿಕೆ ತಂದರು. ಪ್ರತಿ ಪುಸ್ತಕಕ್ಕೂ ಒಬ್ಬೊಬ್ಬರು ಮನೆ ಮಾರಬೇಕು ಅಂದರೆ ಆ ಭಾಷೆ ಎಷ್ಟು ದಿನ ನಡೆದೀತು?

ಈ ಕೆಲಸಕ್ಕೆ ಗದಗಿನಲ್ಲಿ ಹೆಗಲು ಕೊಟ್ಟದ್ದು ತೋಂಟದಾರ್ಯ ಮಠ. ಬಿ.ಇ. ಮಾಡುವಾಗ ಮಠ ಅಂದರೆ ಜಾತ್ರೆ, ರೊಟ್ಟಿ, ಪ್ರಸಾದ ಅಷ್ಟೇ ನನಗೆ ಗೊತ್ತಿದ್ದದ್ದು. 2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಜಮೀನು ಹೋಗುವ ಸುದ್ದಿ ಬಂದಾಗ ಸಿದ್ಧಲಿಂಗ ಸ್ವಾಮೀಜಿ ರೈತರ ಜೊತೆ ನಿಂತರು. ನಮ್ಮ ಮನೆಯಲ್ಲಿ ಅವರ ಹೆಸರು ದಿನಾ ಕೇಳುವಂತಾದದ್ದು ಆಗ. ಪುಸ್ತಕದ ಕಥೆ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಸಿಂದಗಿಯಲ್ಲಿ 1949ರಲ್ಲಿ ಹುಟ್ಟಿದ ಅವರು 1974ರಲ್ಲಿ ಗದಗಿನ ಪೀಠಕ್ಕೆ ಬಂದರು. ವಾರಕ್ಕೊಮ್ಮೆ, ಸೋಮವಾರ, ಮಠದಲ್ಲಿ ಶಿವಾನುಭವ ಶುರು ಮಾಡಿದರು. ಹೆಸರು ಧಾರ್ಮಿಕ, ನಡೆಯುವುದು ಉಪನ್ಯಾಸ. ಸಾಹಿತ್ಯ, ಇತಿಹಾಸ, ಸಮಾಜ, ಯಾವುದರ ಮೇಲಾದರೂ ಒಬ್ಬರು ಬಲ್ಲವರು ಬಂದು ಮಾತಾಡಬೇಕು, ಬಜಾರದ ವ್ಯಾಪಾರಿ, ಬೆಟಗೇರಿಯ ನೇಕಾರ, ಕಾಲೇಜಿನ ಹುಡುಗ ಯಾರು ಬೇಕಾದರೂ ಬಂದು ಕೇಳಬಹುದು. ಫೀಸಿಲ್ಲ, ಪಾಸಿಲ್ಲ. ನಮ್ಮೂರ ಪುರಾಣದ ಕಟ್ಟೆಯೇ ಇಲ್ಲಿ ಊರಿನ ವಿದ್ಯಾಪೀಠವಾಯಿತು.

ಇನ್ನೊಂದು, ಮಠದ ಅಧ್ಯಯನ ಸಂಸ್ಥೆ. ಎಂ. ಎಂ. ಕಲಬುರ್ಗಿಯವರಂಥ ಸಂಶೋಧಕರ ಮಾರ್ಗದರ್ಶನದಲ್ಲಿ ಅದು ನೂರಾರು ಪುಸ್ತಕ ತಂದಿತು. ವಚನ, ಶಾಸನ, ಸಂಶೋಧನ ಸಂಪುಟ, ಅಭಿನಂದನ ಗ್ರಂಥ. ಜೊತೆಗೆ ‘ಪುಣ್ಯಪುರುಷ ಮಾಲೆ’ ಅಂತ ಸಣ್ಣ ಸಣ್ಣ ಜೀವನ ಚರಿತ್ರೆಗಳು: ಶಾಲೆ ಕಟ್ಟಿದವರು, ಬೋರ್ಡಿಂಗ್ ನಡೆಸಿದವರು, ಹಸ್ತಪ್ರತಿ ಕಾಪಾಡಿದವರು. ದಾಸೋಹ ಅಂದರೆ ನಮ್ಮ ಕಡೆ ಅನ್ನ. ಡಂಬಳದ ಜಾತ್ರೆಯಲ್ಲಿ ಇದೇ ಮಠದ ರೊಟ್ಟಿ ದಾಸೋಹ ಪ್ರಸಿದ್ಧ, ಊರೂರಿನಿಂದ ರೊಟ್ಟಿ ಬರುತ್ತೆ, ಜಾತಿ ಕೇಳದೆ ಎಲ್ಲರೂ ಸಾಲಾಗಿ ಕೂತು ಉಣ್ಣುತ್ತಾರೆ. ಅದೇ ಮಠ ಪುಸ್ತಕವನ್ನೂ ದಾಸೋಹದ ಲೆಕ್ಕಕ್ಕೇ ಸೇರಿಸಿತು. ಅತ್ತಿಮಬ್ಬೆಯ ಶಾಸ್ತ್ರದಾನಕ್ಕೂ ಇದಕ್ಕೂ ಧರ್ಮ ಬೇರೆ, ಲಿಪಿಯ ಸಾಧನ ಬೇರೆ, ನಡುವೆ ಸಾವಿರ ವರ್ಷ. ದೂರ ಮಾತ್ರ ಬರೀ ಹನ್ನೆರಡು ಕಿಲೋಮೀಟರ್.

ಮಠದ ಪ್ರಕಟಣೆ ಅಂದಮೇಲೆ ತಕರಾರೂ ಇರುತ್ತೆ. ಒಂದು ಸಮುದಾಯದ ಇತಿಹಾಸಕ್ಕೆ ಸಿಕ್ಕ ಜಾಗ ಉಳಿದವರಿಗೆ ಸಿಕ್ಕಿತೇ, ಎಲ್ಲವೂ ಒಬ್ಬ ಸ್ವಾಮೀಜಿಯ ಹುಮ್ಮಸ್ಸಿನ ಮೇಲೆ ನಿಂತರೆ ಮುಂದೆ ಹೇಗೆ ಅಂತ ಕೇಳಬಹುದು, ಕೇಳಲೇಬೇಕು. ಸಿದ್ಧಲಿಂಗ ಸ್ವಾಮೀಜಿ ತಮ್ಮ ಮಠದ ಗೋಡೆಯೊಳಗೇ ಉಳಿದವರಲ್ಲ, ಗೋಕಾಕ ಚಳವಳಿಯಲ್ಲಿ ಬೀದಿಗಿಳಿದವರು, 2001ರ ರಾಷ್ಟ್ರೀಯ ಕೋಮು ಸೌಹಾರ್ದ ಪ್ರಶಸ್ತಿ ಪಡೆದವರು. 2015ರ ಆಗಸ್ಟ್ 30ರಂದು ಕಲಬುರ್ಗಿಯವರನ್ನು ಧಾರವಾಡದ ಅವರ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. 2018ರ ಅಕ್ಟೋಬರ್ 20ರಂದು ಸ್ವಾಮೀಜಿ ಲಿಂಗೈಕ್ಯರಾದರು. ಮೂರೇ ವರ್ಷದ ಅಂತರದಲ್ಲಿ ಇಬ್ಬರೂ ಇಲ್ಲ. ಪುಸ್ತಕಗಳಿವೆ. ಇವೆಯಾ?

ಇಲ್ಲಿ ನನ್ನದೊಂದು ತಪ್ಪು ಹೇಳಿಕೊಳ್ಳಬೇಕು. ನಾನು ಬೆಂಗಳೂರಿಗೆ ಹೊರಟಾಗ ಅಪ್ಪ ಒಂದು ರಟ್ಟಿನ ಡಬ್ಬಿ ತುಂಬ ಪುಸ್ತಕ ಕೊಟ್ಟಿದ್ದ. ಗದಗಿನ ಜಾತ್ರೆಯಲ್ಲಿ, ಶಿವಾನುಭವಕ್ಕೆ ಹೋದಾಗ, ವರ್ಷ ವರ್ಷ ಒಂದೊಂದಾಗಿ ತಂದವು. ‘ಓದು, ಇಲ್ಲಾಂದ್ರ ಇಟ್ಕೋ’ ಅಂದಿದ್ದ. ನಾಲ್ಕು ಮನೆ ಬದಲಾಯಿಸಿದೆ, ನಾಲ್ಕು ಸಲವೂ ಹೊತ್ತೆ. ಐದನೇ ಸಲ ಫ್ಲ್ಯಾಟಿಗೆ ಹೋಗುವಾಗ ರದ್ದಿಯವನನ್ನು ಕರೆದೆ. ಹಳೆಯ ಪರೀಕ್ಷೆಯ ಗೈಡುಗಳ ಜೊತೆ ಅದೂ ತಕ್ಕಡಿಗೆ ಹೋಯಿತು. ಕೆ.ಜಿ. ಲೆಕ್ಕ. ಎಲ್ಲ ಆನ್‌ಲೈನ್ ಸಿಗುತ್ತೆ ಬಿಡು ಅಂತ ನನಗೆ ನಾನೇ ಹೇಳಿಕೊಂಡೆ.

ಅಪ್ಪ ತೀರಿಕೊಂಡ ಮೇಲೆ, ಅವನು ಯಾವಾಗಲೂ ಹೇಳುತ್ತಿದ್ದ ಒಂದು ಸಣ್ಣ ಪುಸ್ತಕ ನೆನಪಾಗಿ ಹುಡುಕಿದೆ. ಪುಣ್ಯಪುರುಷ ಮಾಲೆಯದು, ನೂರು ಪುಟವೂ ಇರಲಿಲ್ಲ. ಆನ್‌ಲೈನ್ ಇಲ್ಲ. ನಾನು ವಿಚಾರಿಸಿದ ಅಂಗಡಿಗಳಲ್ಲೂ ಇಲ್ಲ. ಆಗ ಹೊಳೆಯಿತು. ಸಾವಿರ ಪ್ರತಿ ಅಂದರೆ ಸಾವಿರ ಮನೆ. ಒಂದು ಮನೆಗೆ ಗೆದ್ದಲು ಹತ್ತಿತು, ಒಂದು ಮನೆಯಲ್ಲಿ ಮಳೆ ಸೋರಿತು, ಒಂದು ಮನೆಯ ಮಗ ಬಿ.ಇ. ಓದಿ ಬೆಂಗಳೂರಲ್ಲಿ ರದ್ದಿಗೆ ಹಾಕಿದ. ಪೊನ್ನನ ಇನ್ನೊಂದು ಕಾವ್ಯ ಕಳೆದುಹೋದದ್ದು ಯಾವುದೋ ಯುದ್ಧದಲ್ಲಿ ಅಂತ ನಾನು ಕಲ್ಪಿಸಿಕೊಂಡಿದ್ದೆ. ನನ್ನಂಥವರಿಂದಲೂ ಕಳೆದಿರಬಹುದು.

ಕೊನೆಗೆ ಪುಸ್ತಕ ಸಿಕ್ಕಿದ್ದು ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಸರ್ ಮನೆಯಲ್ಲಿ. ಟ್ರಂಕಿನಲ್ಲಿ ಬೇವಿನ ಎಲೆ ಹಾಕಿ ಇಟ್ಟಿದ್ದರು. ನನ್ನ ಕಥೆ ಕೇಳಿ ಬೈಯಲಿಲ್ಲ, ಅದೇ ಕಷ್ಟವಾಯಿತು. ‘ಎರಡು ದಿನ ಇಟ್ಕೊ. ಫೋಟೋ ಹೊಡ್ಕೊತೀಯೋ, ಏನ್ ಮಾಡ್ತೀಯೋ ಮಾಡು. ಆದ್ರ ಒಂದು ಕರಾರು’ ಅಂದರು.

‘ಏನ್ರಿ ಸರ?’

‘ಮಠದಾಗ ಒಂದು ಮಾತು ಕೇಳಿ, ಎರಡು ಝೆರಾಕ್ಸ್ ಹೊಡ್ಸಿ ಬೈಂಡ್ ಮಾಡ್ಸು. ಒಂದು ನಿನಗ. ಇನ್ನೊಂದು ನಿಮ್ಮೂರ ಪಂಚಾಯ್ತಿ ಗ್ರಂಥಾಲಯಕ್ಕ ಕೊಡು. ನನ್ನ ಮೂಲ ಪ್ರತಿ ನನಗ ವಾಪಸ್ ಬರಬೇಕು.’

ಹಳ್ಳಿಯ ಗ್ರಂಥಾಲಯ ಅಂದರೆ ಬೀಗ ಹಾಕಿದ ಕೋಣೆ ಅಂತಲೇ ನನ್ನ ತಲೆಯಲ್ಲಿತ್ತು. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಅಂತ ಸರಕಾರದ ಕಾರ್ಯಕ್ರಮ ಬಂದ ಮೇಲೆ ಪಂಚಾಯ್ತಿ ಗ್ರಂಥಾಲಯಗಳಿಗೆ ಮಕ್ಕಳನ್ನು ಕರೆತರುವ ಕೆಲಸ ಶುರುವಾಗಿದೆ. ನಮ್ಮೂರಿನದರಲ್ಲಿ ನಾನು ಹೋದ ದಿನ ಏಳೆಂಟು ಹುಡುಗರಿದ್ದರು. ಇಬ್ಬರು ಚೆಸ್ ಆಡುತ್ತಿದ್ದರು, ಮೂವರು ಪೊಲೀಸ್ ಪರೀಕ್ಷೆಯ ಪುಸ್ತಕ ಹಿಡಿದಿದ್ದರು, ಒಬ್ಬಳು ಹುಡುಗಿ ಕಥೆಪುಸ್ತಕ ಓದುತ್ತಿದ್ದಳು. ಗ್ರಂಥಪಾಲಕರು ಪುಸ್ತಕ ತಗೊಂಡು, ರಿಜಿಸ್ಟರಿನಲ್ಲಿ ನಂಬರು ಬರೆದು, ‘ಯಾರ ಹೆಸರಿನ ಮ್ಯಾಲೆ ದಾನ ಅಂತ ಬರೀಲ್ರಿ?’ ಅಂದರು.

ಅಪ್ಪನ ಹೆಸರು ಹೇಳಿದೆ. ಅವರು ಅದನ್ನು ಬರೆದುಕೊಂಡು, ಪುಸ್ತಕವನ್ನು ಪೊಲೀಸ್ ಪರೀಕ್ಷೆಯ ಗೈಡುಗಳ ಪಕ್ಕ ಇಟ್ಟರು. ಸರ್ ಅವರ ಪ್ರತಿಯನ್ನು ಅದೇ ಸಂಜೆ ವಾಪಸ್ ಕೊಟ್ಟು ಬಂದೆ.